ಎಷ್ಟಿದ್ದರೆ ಇಲ್ಲ?

ಪೊಟ್ಟಣದ ಬೆನ್ನಿಗೆ ‘ಮಸಾಲೆ ಪದಾರ್ಥಗಳು’ ಎಂದು ಎರಡೇ ಪದ ಬರೆದು ಕೈತೊಳೆದುಕೊಳ್ಳುವ ಕಾಲವೊಂದಿತ್ತು. ಅದರೊಳಗೆ ಏನೇನಿದೆ ಎಂದು ಕೇಳುವ ಹಾಗಿರಲಿಲ್ಲ. ಧನಿಯಾ ಇರಬಹುದು, ಚಕ್ಕೆ ಇರಬಹುದು, ಇಡೀ ಕಿರಾಣಿ ಅಂಗಡಿಯೇ ಇರಬಹುದು. ಅದರ ಪಕ್ಕದಲ್ಲೇ ‘ಖಾದ್ಯ ಪಿಷ್ಟ’, ‘ಸಸ್ಯಜನ್ಯ ಎಣ್ಣೆ’, ‘ಸ್ವಾಭಾವಿಕ ಪರಿಮಳ’. ಯಾವ ಪಿಷ್ಟವಪ್ಪಾ, ಯಾವ ಸಸ್ಯ, ಯಾರ ಸ್ವಭಾವ? ಎಲ್ಲಾ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ. ಕಲ್ಲು ತಿಂದು ಕಲ್ಲು ಅರಗಿಸಿಕೊಳ್ಳುವ ಮೈಯವರಿಗೆ ಇದರಿಂದ ಏನೂ ಆಗಬೇಕಾಗಿರಲಿಲ್ಲ. ತಿಂದರು, ಕೈ ಒರೆಸಿಕೊಂಡರು, ಹೋದರು. ದಾವಣಗೆರೆಯ ಸರ್ವಮಂಗಳಾಗೆ ಮಾತ್ರ ಆ ಎರಡು ಪದ ಮಗಳ ಪ್ರಾಣಕ್ಕೇ ಬಂದಿದ್ದವು.

ಮಗಳು ಧಾತ್ರಿಗೆ ಸಾಸಿವೆ ಆಗುತ್ತಿರಲಿಲ್ಲ. ಮೈ ನಾಲ್ಕು ಕಡೆ ತುರಿಸಿ ಸುಮ್ಮನಾಗುವ ಬಗೆಯದಲ್ಲ; ಗಂಟಲು ಒಳಗಿಂದೊಳಗೇ ಊದಿ ಉಸಿರಿನ ದಾರಿ ಮುಚ್ಚಿಬಿಡುವ ಬಗೆ. ನಮ್ಮ ಕಡೆ ಸಾಸಿವೆ ಆಗದೆ ಹುಟ್ಟುವುದೆಂದರೆ ಮೀನಿಗೆ ನೀರು ಆಗದ ಹಾಗೆ. ಸಾರಿಗೆ ಒಗ್ಗರಣೆ, ಪಲ್ಯಕ್ಕೆ ಒಗ್ಗರಣೆ, ಮಜ್ಜಿಗೆಗೆ ಒಗ್ಗರಣೆ, ಚಟ್ನಿಗೆ ಒಗ್ಗರಣೆ, ಸಂಜೆಯ ಮಂಡಕ್ಕಿಗಂತೂ ಹೆಸರೇ ಒಗ್ಗರಣೆ ಮಂಡಕ್ಕಿ. “ಸಾಸಿವೆ ಆಗಲ್ವಾ? ಅಯ್ಯೋ ಪಾಪ, ಆರಿಸಿ ತೆಗೆದು ಕೊಡ್ತೀವಿ ಬಿಡ್ರಿ,” ಎನ್ನುವ ಒಳ್ಳೆಯ ಜನರೇ ಎಲ್ಲರಿಗಿಂತ ಅಪಾಯದವರು. ಮಂಗಳಾ ತನ್ನ ಮನೆಯಲ್ಲಿ ಜೀರಿಗೆಯ ಒಗ್ಗರಣೆ ರೂಢಿ ಮಾಡಿಕೊಂಡಿದ್ದಳು. ಅತ್ತೆ ಹಾಲಮ್ಮನಿಗೆ ಅದು ರುಚಿಸುತ್ತಿರಲಿಲ್ಲ. ಆಕೆ ತನ್ನ ಪಾಲಿನ ಸಾರನ್ನು ಹಿತ್ತಲಿಗೆ ಒಯ್ದು, ಸಣ್ಣ ಒಲೆಯ ಮೇಲೆ ಸಾಸಿವೆ ಸಿಡಿಸಿ, ಅಲ್ಲೇ ಉಂಡು, ಅಲ್ಲೇ ತಟ್ಟೆ ತೊಳೆದು ಒಳಗೆ ಬರುತ್ತಿದ್ದಳು.

ಧಾತ್ರಿಗೆ ನಾಲ್ಕು ವರ್ಷವಾಗಿದ್ದಾಗ ಪಕ್ಕದ ಮನೆಯ ಹುಟ್ಟುಹಬ್ಬದಲ್ಲಿ ಒಂದು ಪೊಟ್ಟಣ ಕೋಡುಬಳೆ ಒಡೆದರು. ಮಂಗಳಾ ಓದದೆ ಏನನ್ನೂ ಕೊಡುವವಳಲ್ಲ. ಓದಿದಳು. ಅಕ್ಕಿಹಿಟ್ಟು, ಮೈದಾ, ಎಣ್ಣೆ, ಉಪ್ಪು, ಮಸಾಲೆ ಪದಾರ್ಥಗಳು. ಕೋಡುಬಳೆಗೆ ಯಾರು ಸಾಸಿವೆ ಹಾಕುತ್ತಾರೆ ಎಂದು ತನ್ನ ಅಡುಗೆಮನೆಯ ಲೆಕ್ಕದಲ್ಲಿ ಯೋಚಿಸಿ ಒಂದೇ ಒಂದು ಕೊಟ್ಟಳು. ಕಾರ್ಖಾನೆಯವರಿಗೆ ಅಡುಗೆಮನೆಯ ಲೆಕ್ಕ ಯಾಕೆ? ಖಾರ ಚುರುಕಾಗಲೆಂದು ಸಾಸಿವೆ ಪುಡಿ ಬೆರೆಸಿದ್ದರು. ಮಗುವಿನ ತುಟಿ ಎರಡರಷ್ಟಾಯಿತು, ಮುಖ ನೀಲಿಯಾಯಿತು. ಆಟೋದಲ್ಲಿ ಆಸ್ಪತ್ರೆಗೆ ಹೋಗುವ ತನಕ ಆ ಊದಿದ ತುಟಿಯನ್ನು ನೋಡುತ್ತಾ ಕೂತ ತಾಯಿಯ ಕಣ್ಣಲ್ಲಿ ಅದು ಅಚ್ಚೊತ್ತಿ ಉಳಿಯಿತು. ಮಗು ಬದುಕಿತು. ಆಮೇಲೆ ಮಂಗಳಾ ಕಂಪನಿಗೆ ಫೋನು ಮಾಡಿ ಕೇಳಿದರೆ, “ಮೇಡಂ, ಮಸಾಲೇಲಿ ಏನಿದೆ ಅನ್ನೋದು ನಮ್ಮ ವ್ಯಾಪಾರದ ಗುಟ್ಟು,” ಎಂಬ ಉತ್ತರ ಬಂತು.

ಆಗ ಅವಳಿಗೆ ಬಂದ ಸಿಟ್ಟಿನಿಂದ ಹುಟ್ಟಿದ್ದೇ ಕಡ್ಡಿ.

ಅವಳು ಆಹಾರ ಪರೀಕ್ಷಾ ಪ್ರಯೋಗಾಲಯವೊಂದರಲ್ಲಿ ಜೀವರಸಾಯನ ವಿಜ್ಞಾನಿ. ಹದಿನೈದು ವರ್ಷ ತಲೆ ಕೆಡಿಸಿಕೊಂಡು ಮಾಡಿದ ಉಪಕರಣದ ದೊಡ್ಡ ಹೆಸರು ಯಾರಿಗೂ ನೆನಪಿಲ್ಲ. ಊದಿನಕಡ್ಡಿಯಷ್ಟು ಸಣ್ಣಗೆ, ಉದ್ದಕ್ಕೆ ಇದ್ದುದರಿಂದ ಜನ ಕಡ್ಡಿ ಎಂದರು. ಅದರ ತುದಿಯಲ್ಲಿ ಕಣ್ಣಿಗೆ ಕಾಣದ ಎಳೆಗಳು ಸುರುಳಿ ಸುತ್ತಿ ಕೂತಿರುತ್ತವೆ. ಒಂದೊಂದು ಎಳೆಯೂ ಒಂದೊಂದು ಪ್ರೋಟೀನಿಗೆ ಹೇಳಿ ಮಾಡಿಸಿದ ಬೀಗ. ಸಾಸಿವೆಯ ಪ್ರೋಟೀನು ಬಂದು ತನ್ನ ಬೀಗಕ್ಕೆ ಸಿಕ್ಕಿಕೊಂಡರೆ ಎಳೆ ಬೆಳಗುತ್ತದೆ. ಶೇಂಗಾದ್ದು ಬಂದರೆ ಇನ್ನೊಂದು ಎಳೆ. ತಿಂಡಿಗೆ ಚುಚ್ಚಿದರೆ ಸಾಕು, ಒಳಗೆ ಏನೇನಿದೆಯೋ ಅವುಗಳ ಹೆಸರು ಹಿಡಿಯ ಮೇಲೆ ಮೂಡುತ್ತದೆ. ಒಂದು ಸಾಸಿವೆ ಕಾಳನ್ನು ಸಾವಿರ ಪಾಲು ಮಾಡಿ ಒಂದು ಪಾಲನ್ನು ಕೊಡ ನೀರಿಗೆ ಹಾಕಿದರೂ ಅದು ಹಿಡಿದು ಹೇಳುತ್ತಿತ್ತು. ದೇಶವೆಲ್ಲ ಕೊಂಡಾಡಿತು. ಕಾಯಿದೆಯೇ ಬಂತು: ಕಡ್ಡಿಗೆ ಕಂಡದ್ದೆಲ್ಲ ಪೊಟ್ಟಣದ ಮೇಲೆ ಹೆಸರು ಸಮೇತ ಅಚ್ಚಾಗಬೇಕು, ‘ಮಸಾಲೆ ಪದಾರ್ಥಗಳು’ ಎಂಬ ಮಾತೇ ಇನ್ನು ಸಲ್ಲದು.

ಆಹಾ, ಇನ್ನೇನು ಬೇಕು ಅಂದಿರಾ? ಕೇಳಿ.

ಸಾಸಿವೆ ಎಲ್ಲಿಲ್ಲ? ಗಿರಣಿಯ ಗಾಳಿಯಲ್ಲಿದೆ, ಚೀಲದ ಹೊಲಿಗೆಯಲ್ಲಿದೆ, ಗೋಧಿಯ ಹೊಲದ ಬದುವಿನಲ್ಲಿದೆ. ಕಡ್ಡಿಗೆ ಎಲ್ಲವೂ ಕಂಡಿತು. ಕಾರ್ಖಾನೆಯವರು ಯಂತ್ರ ತೊಳೆದರು, ತಿಕ್ಕಿದರು, ಆದರೂ ಕಂಡಿತು. ಸಾಕೋ ಸಾಕು ಎನಿಸಿ ಎಲ್ಲಾ ಪೊಟ್ಟಣದ ಮೇಲೂ ಎಲ್ಲಾ ಹೆಸರನ್ನೂ ಅಚ್ಚು ಹಾಕಿಸಿಬಿಟ್ಟರು. ನೀವು ಚಾಪೆ ಕೆಳಗೆ ತೂರಿದರೆ ನಾವು ರಂಗೋಲಿ ಕೆಳಗೆ ತೂರುತ್ತೇವೆ ಎನ್ನುವ ಕೆಲವರು ಇನ್ನೂ ಒಂದು ಹೆಜ್ಜೆ ಮುಂದೆ ಹೋದರು: ತೊಳೆಯುವ ಖರ್ಚು ಉಳಿಯಲಿ, ಬರೆದದ್ದೂ ಸುಳ್ಳಾಗದಿರಲಿ ಎಂದು ಬೇಕೆಂದೇ ಒಂದು ಚಿಟಿಕೆ ಸಾಸಿವೆ, ಒಂದು ಚಿಟಿಕೆ ಎಳ್ಳು, ಒಂದು ಚಿಟಿಕೆ ಶೇಂಗಾ ಪುಡಿ ಎಲ್ಲದಕ್ಕೂ ಉದುರಿಸಿದರು. ಕಾಯಿದೆಯ ಪ್ರಕಾರ ಅವರದು ಸತ್ಯವಂತ ಪೊಟ್ಟಣ! ಮೊದಲು ಏನನ್ನೂ ಹೇಳದೆ ಮುಚ್ಚಿಡುತ್ತಿದ್ದರು. ಈಗ ಎಲ್ಲವನ್ನೂ ಹೇಳಿ ಮುಚ್ಚಿಟ್ಟರು. ಧೂಳಿನಷ್ಟು ಸಾಸಿವೆಯೂ ‘ಇದೆ’, ಹಿಡಿ ಸಾಸಿವೆಯೂ ‘ಇದೆ’. ಅಲರ್ಜಿಯವರಿಗೆ ಅಂಗಡಿಯಲ್ಲಿ ಉಪ್ಪು, ಸಕ್ಕರೆ ಬಿಟ್ಟರೆ ಕೈಗೆತ್ತಿಕೊಳ್ಳಲು ಹೆಚ್ಚೇನೂ ಉಳಿಯಲಿಲ್ಲ.

“ನಿನ್ನ ಕಡ್ಡಿ ಬಂದ ಮೇಲೆ ನಂಗೆ ಕಾಯಂ ಏಕಾದಶಿ ಕಣಮ್ಮ,” ಎಂದು ಧಾತ್ರಿ ನಗುತ್ತಿದ್ದಳು. ಮಂಗಳಾಗೆ ನಗು ಬರುತ್ತಿರಲಿಲ್ಲ.

“ಕಡ್ಡೀನ ಗುಡ್ಡ ಮಾಡ್ದೋರು ನೀವೇ, ಈಗ ಗುಡ್ಡ ಹತ್ರಿ,” ಎಂದು ಹಾಲಮ್ಮ ಹಿತ್ತಲಿನಿಂದಲೇ ಕೂಗುತ್ತಿದ್ದಳು.

ಆ ವರ್ಷ ಧಾತ್ರಿಗೆ ರೈಲು ಚಾಲಕಿಯ ಕೆಲಸಕ್ಕೆ ಆಯ್ಕೆಯಾಗಿತ್ತು. ಚಿಕ್ಕಂದಿನಿಂದ ರೈಲ್ವೆ ಗೇಟಿನ ಹತ್ತಿರ ನಿಂತು ಕೈಬೀಸಿದ ಹುಡುಗಿ. ಅವಳ ಪಾಲಿಗೆ ಅದಕ್ಕಿಂತ ದೊಡ್ಡದು ಲೋಕದಲ್ಲಿ ಇರಲಿಲ್ಲ. ತೊಡಕು ಒಂದೇ. ತರಬೇತಿಯವರು ಮೆಸ್ಸಿನಲ್ಲಿ ಉಣ್ಣಬೇಕು, ಆಮೇಲೆ ಯಾವ ಊರಿನ ಸ್ಟೇಷನ್ನಿನಲ್ಲಿ ಏನು ಸಿಕ್ಕುತ್ತದೋ ಅದನ್ನು ತಿಂದು ಇಂಜಿನ್ ಹತ್ತಬೇಕು. ಅದಕ್ಕೆ ರೈಲ್ವೆಯ ವೈದ್ಯರು ಕೇಳಿದ್ದು ಸರಳ ಪ್ರಶ್ನೆ: ಎಷ್ಟು ಸಾಸಿವೆ ಇದ್ದರೆ ನಿಮಗೆ ಏನೂ ಆಗುವುದಿಲ್ಲ? ಅದಕ್ಕೆ ಪ್ರಮಾಣಪತ್ರ ತನ್ನಿ. ಇಲ್ಲದಿದ್ದರೆ ಇಂಜಿನ್ ಬೇಡ, ಟಿಕೆಟ್ ಕೌಂಟರಿನ ಕೆಲಸ ತಗೊಳ್ಳಿ.

ಎಷ್ಟು? ಯಾರಿಗೆ ಗೊತ್ತು! ಮಂಗಳಾಗೆ ಗೊತ್ತಿದ್ದ ಉತ್ತರ ಒಂದೇ, ಅದು ಸೊನ್ನೆ.

“ಮೇಡಂ, ಸೊನ್ನೆ ಅನ್ನೋದು ಗಣಿತದಲ್ಲಿರತ್ತೆ, ಅಂಗಡೀಲಿರಲ್ಲ,” ಎಂದರು ಡಾಕ್ಟರ್ ಕೊಟ್ರೇಶ್. ಅಲರ್ಜಿ ತಜ್ಞರು, ಮಂಗಳಾಳ ಜೊತೆ ಅದೇ ಪ್ರಯೋಗಾಲಯದಲ್ಲಿ ಕೆಲಸ. ಇಬ್ಬರಿಗೂ ಸರ್ಕಾರದಿಂದ ಬಂದಿದ್ದ ಪ್ರಶ್ನೆಯೂ ಇದೇ ಆಗಿತ್ತು. ಕಾಯಿದೆಯನ್ನು ತಿದ್ದಬೇಕು, ಎಷ್ಟು ಇದ್ದರೆ ಪೊಟ್ಟಣದ ಮೇಲೆ ‘ಇಲ್ಲ’ ಎಂದು ಬರೆಯಬಹುದು ಎಂಬುದಕ್ಕೆ ಒಂದು ಅಂಕಿ ಕೊಡಿ. ಅಂಕಿ ಸಿಗಬೇಕಾದರೆ ಅಲರ್ಜಿಯವರು ಬಂದು ಕೂತು, ಧೂಳಿನಷ್ಟರಿಂದ ಶುರುಮಾಡಿ, ಸ್ವಲ್ಪ ಸ್ವಲ್ಪವೇ ಹೆಚ್ಚಿಸುತ್ತಾ ತಿನ್ನಬೇಕು. ಮೈ ಎಲ್ಲಿ ತಿರುಗಿ ಬೀಳುತ್ತದೋ ಅದು ಗೆರೆ. ಸಣ್ಣಪುಟ್ಟ ತುರಿಕೆಯವರು ಹಲವರು ಬಂದಿದ್ದರು. ಧಾತ್ರಿಯಂಥ ಗಂಟಲು ಮುಚ್ಚುವ ಬಗೆಯವರು ಒಬ್ಬರೂ ಬಂದಿರಲಿಲ್ಲ. ಅವರು ಬಾರದೆ ಸಿಕ್ಕ ಅಂಕಿ ಅವರ ಪ್ರಾಣ ಕಾಯುವುದಿಲ್ಲ. ಹೋಗಲಿ ಎಂದರೆ, ಯಾರು ತಾನೇ ವಿಷದ ಬಟ್ಟಲಿಗೆ ತಾನಾಗಿ ಬಾಯಿ ಹಾಕುತ್ತಾರೆ?

ಧಾತ್ರಿ ಹಾಕಿದಳು. ಅಮ್ಮನನ್ನು ಕೇಳದೆ, ನೇರವಾಗಿ ಕೊಟ್ರೇಶರ ಹತ್ತಿರ ಹೋಗಿ ಹೆಸರು ಕೊಟ್ಟು ಬಂದು, ಊಟಕ್ಕೆ ಕೂತಾಗ ಹೇಳಿದಳು.

ಮಂಗಳಾ ಅನ್ನ ಬಡಿಸುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. “ತಲೆಗಿಲೆ ಕೆಟ್ಟಿದೆಯಾ? ನಾನಿರೋತನಕ ಆಗಲ್ಲ.”

“ನೀನಿರೋತನಕ ಟಿಕೆಟ್ ಹರ್ಕೊಂಡು ಕೂರ್ಲಾ?”

“ಕೂರು. ಜೀವ ಇದ್ರೆ ತಾನೇ ರೈಲು?”

“ಬೇರೆಯೋರ ಮಕ್ಕಳು ಬಂದು ಕೂರ್ಲಿ ಅಂತ ಪೇಪರಲ್ಲಿ ಪ್ರಕಟಣೆ ಕೊಟ್ಟಿದೀಯಲ್ಲಮ್ಮ. ಅವ್ರಿಗೆ ಜೀವ ಇಲ್ವಾ?”

ಈ ಮಾತು ಎದೆಗೆ ನಾಟಿತು. ಹಾಲಮ್ಮ ಸೊಸೆಯ ಪರ ನಿಂತಳು. ವರ್ಷಕ್ಕೊಮ್ಮೆ ಬರುವ ಗ್ರಹಣದಂತೆ ಅತ್ತೆ ಸೊಸೆ ಒಂದಾಗಿದ್ದರು. “ಅಲ್ಲವೇ ತಾಯಿ, ಹೆಣ್ಣ್ಮಗಳು ರೈಲು ಬಿಟ್ಟು ಯಾವ ಸೀಮೆ ಉದ್ಧಾರ ಮಾಡ್ಬೇಕೈತೆ? ಮನ್ಯಾಗೆ ಉಂಡ್ಕೊಂಡಿರು.” ಧಾತ್ರಿ ಅಜ್ಜಿಯ ಕೆನ್ನೆ ಹಿಂಡಿ, “ನೀನು ಒಗ್ಗರಣೆ ಬಿಡು, ನಾನು ರೈಲು ಬಿಡ್ತೀನಿ,” ಎಂದು ತಟ್ಟೆ ತೊಳೆಯಲು ಎದ್ದಳು. ಹುಡುಗಿಗೆ ಇಪ್ಪತ್ತೆರಡು ತುಂಬಿತ್ತು. ತಾಯಿಯ ಒಪ್ಪಿಗೆ ಯಾರಿಗೂ ಬೇಕಾಗಿರಲಿಲ್ಲ.

ಪ್ರಯೋಗದ ಪದ್ಧತಿ ಹೀಗಿತ್ತು. ಬೆಲ್ಲ ಹಾಕಿದ ಗಟ್ಟಿ ರಾಗಿ ಅಂಬಲಿಯಲ್ಲಿ ಸಾಸಿವೆ ಪುಡಿಯನ್ನು ಬೆರೆಸುತ್ತಾರೆ. ರುಚಿ, ವಾಸನೆ ಏನೂ ಗೊತ್ತಾಗುವುದಿಲ್ಲ. ಬಟ್ಟಲುಗಳು ಒಂದರ ನಂತರ ಒಂದು ಬರುತ್ತವೆ. ನಡುನಡುವೆ ಕೆಲವು ಬಟ್ಟಲು ಬರೀ ಅಂಬಲಿ, ಸಾಸಿವೆಯ ಸುಳಿವೂ ಇಲ್ಲದವು. ಯಾವುದು ಯಾವುದೆಂದು ತಿನ್ನುವವರಿಗೂ ಗೊತ್ತಿಲ್ಲ, ತಿನ್ನಿಸುವವರಿಗೂ ಗೊತ್ತಿಲ್ಲ. ಬೆರೆಸಿದವರು ಗುಟ್ಟನ್ನು ಮುಚ್ಚಿ ಬೇರೆ ಕಡೆ ಇಟ್ಟಿರುತ್ತಾರೆ. ಯಾಕೆಂದರೆ ಮನಸ್ಸು ಬಲು ಕಿಲಾಡಿ. ಭಯಪಟ್ಟರೆ ಬರೀ ನೀರಿಗೂ ಮೈ ತುರಿಸಿಕೊಳ್ಳುತ್ತದೆ. ಹಾಸಿಗೆಯ ಪಕ್ಕದಲ್ಲಿ ಕೊಟ್ರೇಶರು ಸೂಜಿಮದ್ದು, ಆಮ್ಲಜನಕ ಎಲ್ಲಾ ಸಜ್ಜು ಮಾಡಿಕೊಂಡು ಕೂತಿರುತ್ತಾರೆ. ಗೋಡೆಯಾಚೆಯ ನಿಯಂತ್ರಣ ಕೊಠಡಿಯಲ್ಲಿ ಪರದೆಗಳು, ನಾಡಿ ಮತ್ತು ಉಸಿರಿನ ಗೆರೆಗಳು, ಒಂದು ಕೆಂಪು ಗುಂಡಿ. ಗುಂಡಿ ಒತ್ತಿದರೆ ಪ್ರಯೋಗ ಅಲ್ಲಿಗೇ ಮುಗಿಯಿತು. ಮುಚ್ಚಿಟ್ಟ ಗುಟ್ಟು ತೆರೆಯುತ್ತದೆ; ಮೈಗೆ ಏನೂ ಆಗದೆ ಒತ್ತಿದ್ದರೆ ಅದುವರೆಗಿನ ಫಲಿತಾಂಶ ಲೆಕ್ಕಕ್ಕೆ ಬರುವುದಿಲ್ಲ.

“ಮೇಡಂ, ನೀವು ಒಳಗೆ ಬರೋದು ಬೇಡ. ಮನೇಲಿರಿ,” ಎಂದರು ಕೊಟ್ರೇಶ್.

“ಈ ಪ್ರಯೋಗಾಲಯದ ಮುಖ್ಯಸ್ಥೆ ಯಾರು ಡಾಕ್ಟ್ರೇ?”

“ನೀವೇ. ಅದಕ್ಕೇ ಹೇಳ್ತಿರೋದು. ಇವತ್ತು ನೀವು ಮುಖ್ಯಸ್ಥೆ ಅಲ್ಲ, ಅಮ್ಮ.”

“ಹದಿನೈದು ವರ್ಷ ಉಪಕರಣ ಮಾಡ್ದೋಳು ನಾನು. ನೋಡೋದು ನಂಗೊತ್ತು,” ಎಂದು ಮಂಗಳಾ ಕುರ್ಚಿ ಎಳೆದುಕೊಂಡು ಕೆಂಪು ಗುಂಡಿಯ ಮುಂದೆಯೇ ಕೂತಳು. ಕೊಟ್ರೇಶರು ಅವಳನ್ನು ಅಲ್ಲಿಂದ ಎಬ್ಬಿಸಲಿಲ್ಲ. ಅವರ ತಪ್ಪು ಅದೊಂದೇ.

ಮೊದಲ ಬಟ್ಟಲು, ಎರಡನೆಯದು, ಮೂರನೆಯದು. ಧಾತ್ರಿ ಕಾಲು ಆಡಿಸುತ್ತಾ ತಿಂದಳು. ಒಂದೊಂದು ಬಟ್ಟಲಾದ ಮೇಲೂ ಬಹಳ ಹೊತ್ತು ಕಾಯಬೇಕು. ಅವಳು ಅಂಬಲಿಗೆ ಬೆಲ್ಲ ಸಾಲದು ಎಂದು ಡಾಕ್ಟರರನ್ನು ರೇಗಿಸಿದಳು. ಗೋಡೆಯಾಚೆ ಮಂಗಳಾ ರೆಪ್ಪೆ ಬಡಿಯದೆ ನೋಡುತ್ತಿದ್ದಳು. ಇನ್ನೊಂದು ಬಟ್ಟಲು ಬಂತು. ಧಾತ್ರಿ ತಿಂದು ಮುಗಿಸಿ ಬಾಯಿ ಒರೆಸಿಕೊಂಡಳು. ಆಗ ಮಂಗಳಾಗೆ ಕಂಡಿತು. ಮೇಲ್ದುಟಿಯ ಬಲಗಡೆ ದಪ್ಪವಾಗುತ್ತಿದೆ. ಕಣ್ಣು ಉಜ್ಜಿಕೊಂಡು ನೋಡಿದಳು. ಹೌದು, ಊದುತ್ತಿದೆ, ಆಟೋದಲ್ಲಿ ಕಂಡ ಅದೇ ತುಟಿ. ಕೊಟ್ರೇಶರಿಗೆ ಕಾಣುತ್ತಿಲ್ಲವೇ, ಈ ಮನುಷ್ಯ ನಗುತ್ತಾ ಕೂತಿದ್ದಾರಲ್ಲ! ನಾಡಿಯ ಗೆರೆಯ ಕಡೆ ಅವಳ ಕಣ್ಣು ಹೋಗಲೇ ಇಲ್ಲ. ಕೈ ತಾನಾಗಿ ಹೋಗಿ ಗುಂಡಿಯನ್ನು ಗುದ್ದಿತು.

ಗಂಟೆ ಬಡಿಯಿತು. ಮಂಗಳಾ ಬಾಗಿಲು ತಳ್ಳಿಕೊಂಡು ಒಳಗೆ ಓಡಿ ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು. “ಉಸಿರಾಡು, ಉಸಿರಾಡು ಮಗಳೇ.”

“ಆಡ್ತಾ ಇದೀನಲ್ಲಮ್ಮ,” ಎಂದಳು ಧಾತ್ರಿ. ತುಟಿ ಎಂದಿನ ತುಟಿಯೇ. ಊತವೂ ಇಲ್ಲ, ಕೆಂಪೂ ಇಲ್ಲ.

ನಿಯಮದ ಪ್ರಕಾರ ಗುಟ್ಟು ತೆರೆಯಿತು. ಕೊಟ್ರೇಶರು ಓದಿ, ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. “ಈಗ ತಿಂದದ್ದು ಬರೀ ಅಂಬಲಿ, ಮೇಡಂ. ಅದರಲ್ಲಿ ಸಾಸಿವೆ ಇರಲೇ ಇಲ್ಲ. ಅದಕ್ಕೆ ಮುಂಚಿನ ಬಟ್ಟಲಲ್ಲಿ ಇತ್ತು. ಅದು ಆರಾಮಾಗಿ ಅರಗಿದೆ.”

ಧಾತ್ರಿ ಅಮ್ಮನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ಮಂಗಳಾಗೆ ಹಗುರಾಗುತ್ತಿತ್ತು. ಹುಡುಗಿ ಗೋಡೆಯ ಕಡೆ ತಿರುಗಿ, ಬಿಕ್ಕಿ ಬಿಕ್ಕಿ ಅತ್ತಳು. “ಧೈರ್ಯ ತಂದ್ಕೊಳಕ್ಕೆ ಎಷ್ಟು ಕಷ್ಟಪಟ್ಟಿದ್ದೆ ಗೊತ್ತಾ ನಿಂಗೆ? ಎಲ್ಲಾ ಮಣ್ಣುಪಾಲು ಮಾಡ್ದೆ,” ಎಂದಳು. ಆಮೇಲೆ ಮನೆಯಲ್ಲಿ ವಾರಗಟ್ಟಲೆ ತಾಯಿ ಮಗಳ ನಡುವೆ ‘ಬಾ’, ‘ಹೋಗು’, ‘ಉಣ್ಣು’ ಬಿಟ್ಟು ಬೇರೆ ಮಾತಿರಲಿಲ್ಲ. ಹಾಲಮ್ಮ ಇಬ್ಬರ ನಡುವೆ ನಿಂತು, ಯಾರ ಪರ ವಹಿಸುವುದೆಂದು ತಿಳಿಯದೆ, ಬೆಕ್ಕನ್ನು ಬೈಯುತ್ತಿದ್ದಳು.

ಮಂಗಳಾ ಪ್ರಯೋಗಾಲಯದಲ್ಲಿ ಒಬ್ಬಳೇ ಕೂತು ಆ ದಿನದ ವಿಡಿಯೊವನ್ನು ಮತ್ತೆ ಮತ್ತೆ ಹಾಕಿ ನೋಡಿದಳು. ತುಟಿಯ ಅಗಲವನ್ನು ಅಳೆದಳು. ಮೊದಲ ಬಟ್ಟಲಿನಿಂದ ಕೊನೆಯ ಬಟ್ಟಲಿನವರೆಗೆ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ನಾಡಿ ನೆಟ್ಟಗಿತ್ತು, ಉಸಿರು ನೆಟ್ಟಗಿತ್ತು. ಹಾಗಾದರೆ ತಾನು ಕಂಡದ್ದೇನು? ಕಂಡಿದ್ದಂತೂ ಹೌದು, ದೇವರ ಮೇಲೆ ಆಣೆ ಮಾಡಿ ಹೇಳುವಷ್ಟು ಹೌದು. ಒಂದು ಉಪಕರಣ ಇಲ್ಲದ್ದನ್ನು ಇದೆ ಎಂದು ತೋರಿಸಿದರೆ ಅವಳು ಏನು ಮಾಡುತ್ತಿದ್ದಳು? ಪಕ್ಕಕ್ಕಿಟ್ಟು, ಸರಿಯಾಗುವವರೆಗೆ ಮುಟ್ಟಬೇಡಿ ಎಂದು ಚೀಟಿ ಅಂಟಿಸುತ್ತಿದ್ದಳು. ತನ್ನ ಕಣ್ಣಿಗೆ ಚೀಟಿ ಅಂಟಿಸುವುದು ಹೇಗೆ? ಮಗಳು ಹುಟ್ಟಿ ಬೆಳೆದ ಅಷ್ಟೂ ವರ್ಷ ಇದೇ ಕಣ್ಣಿನಿಂದ ಅವಳನ್ನು ಕಾದಿದ್ದೆನಲ್ಲ, ಎಷ್ಟು ತಟ್ಟೆಗಳನ್ನು ಅವಳ ಮುಂದಿನಿಂದ ಕಿತ್ತುಕೊಂಡಿದ್ದೆನೋ ಎನಿಸಿ ಮಂಗಳಾ ಅತ್ತಳು. ಅತ್ತು ಮುಖ ತೊಳೆದುಕೊಂಡು ಮನೆಗೆ ಹೋಗಿ, ಮಗಳ ಕೋಣೆಯ ಬಾಗಿಲಲ್ಲಿ ನಿಂತಳು.

“ಇನ್ನೊಂದ್ಸಲ ಮಾಡೋಣ. ನಾನು ಬರಲ್ಲ.”

ಧಾತ್ರಿ ಪುಸ್ತಕದಿಂದ ತಲೆಯೆತ್ತಿದಳು. “ನೀನು ಬರ್ಬೇಕು. ನೀನಿಲ್ದಿದ್ರೆ ನಂಗೇ ಹೆದರಿಕೆ ಆಗತ್ತೆ. ಆದ್ರೆ ಗುಂಡಿ ನನ್ನ ಕೈಲಿರ್ಬೇಕು.”

“ಡಾಕ್ಟ್ರು ಒಪ್ಪಬೇಕಲ್ಲ.”

“ಅವ್ರು ಪಕ್ಕದಲ್ಲೇ ಇರ್ತಾರೆ, ಅವ್ರಿಗೆ ಬೇಡ ಅನ್ನಿಸ್ದಾಗ ನಿಲ್ಲಿಸ್ಲಿ. ಅವ್ರು ಮತ್ತು ನಾನು. ನೀನು ಅಲ್ಲ.”

ಕೊಟ್ರೇಶರು ಒಪ್ಪಿದರು. ಎರಡನೆಯ ಸಲ ನಿಯಂತ್ರಣ ಕೊಠಡಿಯ ಕೆಂಪು ಗುಂಡಿಯ ತಂತಿಯನ್ನು ಬಿಚ್ಚಿ, ಧಾತ್ರಿಯ ಕೈಗೆ ಸಣ್ಣದೊಂದು ಗುಂಡಿ ಕೊಟ್ಟರು. ಮಂಗಳಾ ಪರದೆಯ ಮುಂದೆ ಎರಡೂ ಕೈಗಳನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡು ಕೂತಳು. ಎರಡನೆಯ ಬಟ್ಟಲಿಗೇ ತುಟಿ ಊದಿದಂತೆ ಕಂಡಿತು. ಸುಮ್ಮನಿದ್ದಳು. ನಾಲ್ಕನೆಯದಕ್ಕೆ ಕೆನ್ನೆ ಊದಿದಂತೆ ಕಂಡಿತು. ಹಲ್ಲು ಕಚ್ಚಿಕೊಂಡು ಸುಮ್ಮನಿದ್ದಳು. ಆಮೇಲೆ ಒಂದು ಬಟ್ಟಲಿಗೆ ಏನೂ ಕಾಣಲಿಲ್ಲ. ಮಗಳು ನೆಟ್ಟಗೆ ಕೂತಿದ್ದಳು, ಮುಖ ತಿಳಿಯಾಗಿತ್ತು. ಅಬ್ಬ, ಅಂತೂ ಕಣ್ಣು ಸರಿಹೋಯಿತು ಎಂದುಕೊಂಡು ಮಂಗಳಾ ಮೊದಲ ಬಾರಿಗೆ ಕುರ್ಚಿಗೆ ಬೆನ್ನು ಕೊಟ್ಟಳು.

ಧಾತ್ರಿ ಗುಂಡಿ ಒತ್ತಿದಳು.

“ಅಂಗೈ ತುರಿಸ್ತಿದೆ ಡಾಕ್ಟ್ರೇ. ಕಿವಿ ಒಳಗೂ. ಏನೋ ಸರಿಯಿಲ್ಲ,” ಎಂದಳು. ಅಷ್ಟರಲ್ಲಿ ಅವಳ ದನಿ ಒಡೆಯಿತು. ನಾಡಿಯ ಗೆರೆ ಆಗಷ್ಟೇ ಮೇಲೇಳುತ್ತಿತ್ತು. ಕೊಟ್ರೇಶರು ಒಂದು ಕ್ಷಣವೂ ತಡಮಾಡದೆ ತೊಡೆಗೆ ಸೂಜಿ ಚುಚ್ಚಿದರು. ಮಂಗಳಾ ಓಡಿ ಬರುವಷ್ಟರಲ್ಲಿ ಕಣ್ಣು ಊದಿಕೊಂಡು, ಎದೆಯಿಂದ ಸಿಳ್ಳೆಯ ಹಾಗೆ ಸದ್ದು ಬರುತ್ತಿತ್ತು. ಅವಳು ಮಗಳ ಪಾದ ಹಿಡಿದುಕೊಂಡು ನಿಂತಳು. ಬೇರೆ ಎಲ್ಲಿ ಹಿಡಿದರೂ ಡಾಕ್ಟರರಿಗೆ ಅಡ್ಡಿಯಾಗುತ್ತಿತ್ತು. ಎರಡನೆಯ ಸೂಜಿ ಬೇಕಾಯಿತು. ಆ ಹೊತ್ತು ಎಷ್ಟು ಉದ್ದವಿತ್ತೆಂದು ಅವಳು ಯಾರಿಗೂ ಹೇಳಲಿಲ್ಲ. ಕೊನೆಗೆ ಸಿಳ್ಳೆ ನಿಂತಿತು, ಬಣ್ಣ ಮರಳಿತು.

“ಎಷ್ಟಂತೆ?” ಎಂದಳು ಧಾತ್ರಿ, ಗೊಗ್ಗರು ದನಿಯಲ್ಲಿ. ಕಣ್ಣು ಇನ್ನೂ ತೆರೆಯಲು ಬರುತ್ತಿರಲಿಲ್ಲ.

ಕೊಟ್ರೇಶರು ಗುಟ್ಟು ಬಿಚ್ಚಿ ಓದಿದರು. “ಅರ್ಧ ಕಾಳು. ಕಾಲು ಕಾಳು ತಿಂದಾಗ ಏನೂ ಆಗಿರಲಿಲ್ಲ.”

ಹಾಗೆಂದರೆ ಏನು ಅರ್ಥ ಎಂಬುದು ಮೂವರಿಗೂ ಗೊತ್ತಿತ್ತು. ಒಗ್ಗರಣೆ ಇವಳ ಪಾಲಿಗೆ ಇವತ್ತಿಗೂ ವಿಷವೇ. ಆದರೆ ಗಿರಣಿಯ ಧೂಳು, ಚೀಲದ ಹೊಲಿಗೆ, ಪಕ್ಕದ ಬಾಣಲೆಯಿಂದ ಹಾರಿದ ಹನಿ, ಕಡ್ಡಿ ಕಂಡು ಕಿರುಚಿಕೊಳ್ಳುತ್ತಿದ್ದ ಆ ಸಾವಿರದಲ್ಲೊಂದು ಪಾಲು ಇವಳನ್ನು ಏನೂ ಮಾಡಲಾರದು. ಮಂಗಳಾಳ ಕಣ್ಣಲ್ಲಿ ನೀರು ಬಂತು. “ನಾನು ನೋಡ್ತಾನೇ ಇದ್ದೆ ಕಣೇ. ಇಲ್ಲದಾಗ ಕಾಣ್ತಿತ್ತು, ಬಂದಾಗ ಕಾಣ್ಲಿಲ್ಲ.”

“ನಂಗೆ ಗೊತ್ತಾಯ್ತಲ್ಲಮ್ಮ,” ಎಂದಳು ಧಾತ್ರಿ. “ಅಷ್ಟು ಸಾಕು ಬಿಡು.”

ಸುದ್ದಿ ಹಬ್ಬಿತು. ವಿಜ್ಞಾನಿಯ ಮಗಳೇ ತಿಂದಳಂತೆ ಎಂದು ತಿಳಿದ ಮೇಲೆ ಅಲ್ಲಿ ಇಲ್ಲಿ ಅಡಗಿ ಬದುಕುತ್ತಿದ್ದ ತೀವ್ರ ಅಲರ್ಜಿಯವರು ಒಬ್ಬೊಬ್ಬರೇ ಬರತೊಡಗಿದರು. ಸಾಸಿವೆಯವರು, ಶೇಂಗಾದವರು, ಎಳ್ಳಿನವರು, ಹಾಲಿನವರು. ಎಲ್ಲರ ಗೆರೆಯೂ ಒಂದೇ ಅಲ್ಲ. ಕೆಲವರದು ಧಾತ್ರಿಗಿಂತ ತೀರಾ ಕೆಳಗಿತ್ತು. ಸರ್ಕಾರಕ್ಕೆ ಒಂದೇ ಅಂಕಿ ಬೇಕಾಗಿತ್ತು. ಮಂಗಳಾ ಕೊಡಲಿಲ್ಲ. ‘ಇದೆ’ ಎಂಬುದೂ ಬೇಡ, ‘ಇಲ್ಲ’ ಎಂಬುದೂ ಬೇಡ. ಎಷ್ಟಿದೆ ಎಂದು ಬರೆಸಿ, ತಿನ್ನುವುದು ಬಿಡುವುದು ಅವರವರ ಮೈಗೆ ಬಿಡಿ ಎಂದು ಬರೆದು ಕಳಿಸಿದಳು. ಬೇಕೆಂದೇ ಚಿಟಿಕೆ ಉದುರಿಸುವುದನ್ನು ಅಪರಾಧ ಮಾಡಿ ಎಂದೂ ಸೇರಿಸಿದಳು. ದೊಡ್ಡ ಗಲಾಟೆಯಾಗಿ, ಕೊನೆಗೆ ಹಾಗೇ ಆಯಿತು. ಕಡ್ಡಿಯೂ ಬದಲಾಯಿತು. ಅದನ್ನು ಕೊಂಡವರು ಮೊದಲು ಪ್ರಯೋಗಾಲಯದಲ್ಲಿ ಕೂತು ತಮ್ಮ ಗೆರೆ ಎಲ್ಲಿದೆ ಎಂದು ತಿಳಿದು, ಅದರ ಹತ್ತನೇ ಒಂದು ಪಾಲಿಗೆ ಕಡ್ಡಿಯನ್ನು ಹೊಂದಿಸಿಕೊಳ್ಳುತ್ತಾರೆ; ಅದಕ್ಕಿಂತ ಕೆಳಗಿನದಕ್ಕೆ ಅದು ಸುಮ್ಮನಿರುತ್ತದೆ. ಧಾತ್ರಿ ತರಬೇತಿಗೆ ಹೋದಳು. ಮೆಸ್ಸಿನ ಅನ್ನ ಗಂಟಲಲ್ಲಿ ಇಳಿಯಲ್ಲ, ಸಾಸಿವೆಯಿಂದಲ್ಲ ಕಣಮ್ಮ, ಬೇಯಿಸಿದವನ ಪಾಪದಿಂದ ಎಂದು ಫೋನು ಮಾಡಿದಳು. ಹಾಲಮ್ಮ ಈಗ ಬೇಕಾದರೆ ಒಳಗೇ ಒಗ್ಗರಣೆ ಹಾಕಬಹುದಿತ್ತು. ಆದರೂ ಹಿತ್ತಲಿಗೇ ಹೋಗುತ್ತಾಳೆ, ಅಭ್ಯಾಸ ಬಿಡುವುದಿಲ್ಲ.

ಮಂಗಳಾಗೆ ಈಗ ಪ್ರಯೋಗಾಲಯದಲ್ಲಿ ಒಂದು ಹೊಸ ಕೆಲಸವಿದೆ, ಯಾರೂ ಕೊಟ್ಟದ್ದಲ್ಲ. ಮಕ್ಕಳು ಒಳಗೆ ಬಟ್ಟಲು ಹಿಡಿದು ಕೂತಾಗ ಅವರ ಮನೆಯವರ ಜೊತೆ ಪರದೆಯ ಮುಂದೆ ಕೂರುವುದು.

ಮೊನ್ನೆ ರಾಣೆಬೆನ್ನೂರಿನಿಂದ ಫಕ್ಕೀರಪ್ಪ ಎಂಬ ಬೀಜದ ವ್ಯಾಪಾರಿ ಬಂದಿದ್ದ. ಮಗಳು ನೀಲಾಂಬಿಕೆ, ಕಾನೂನು ಓದುತ್ತಿದ್ದಾಳೆ. ಅವಳಿಗೆ ಶೇಂಗಾ ಆಗದು. ದೊಡ್ಡ ಮೀಸೆಯ, ದೊಡ್ಡ ದನಿಯ ಮನುಷ್ಯ. ಕೊಠಡಿಯೊಳಗೆ ಬರುವಾಗ, “ನಾವು ಹೆದರೂ ಪೈಕಿ ಅಲ್ರೀ,” ಎಂದಿದ್ದವನು ಮೂರನೆಯ ಬಟ್ಟಲಿಗೆ ಕುರ್ಚಿ ಬೀಳುವ ಹಾಗೆ ಎದ್ದು ನಿಂತ.

“ಅಲ್ರೀ ಮೇಡಂ, ಮಾರಿ ಊದೇತಿ ನೋಡ್ರಿ! ಬಾಯಿ ನೋಡ್ರಿ ಅಕಿದು!”

ಮಂಗಳಾ ಪರದೆ ನೋಡಿದಳು. ಹುಡುಗಿಯ ಮೇಲ್ದುಟಿ, ಬಲಗಡೆ, ಅವಳಿಗೂ ಊದಿದಂತೆಯೇ ಕಂಡಿತು. ಎಷ್ಟು ಜನರನ್ನು ನೋಡಿದರೂ ಅದು ಹೋಗಿರಲಿಲ್ಲ.

“ನಂಗೂ ಹಂಗೇ ಕಾಣ್ತಿದೆ,” ಎಂದಳು.

“ಮತ್ತ ನಿಲ್ಲಸ್ರಿ! ಕುಂತ ನೋಡ್ತೀರಲ್ರೀ, ನೀವೂ ಮಕ್ಕಳ ತಾಯಿ ಅದೀರಿಲ್ಲೋ?”

“ಅದಕ್ಕೇ ಸರ್ ಹಂಗೆ ಕಾಣ್ತಿರೋದು. ಡಾಕ್ಟ್ರು ಪಕ್ಕದಲ್ಲಿದಾರೆ. ಗುಂಡಿ ಅವಳ ಕೈಲಿದೆ. ಅವಳ ಮೈ ಅವಳಿಗೆ ಹೇಳತ್ತೆ, ನಮ್ಮ ಕಣ್ಣು ಹೇಳಲ್ಲ. ಕೂತ್ಕೊಳಿ.”

ಫಕ್ಕೀರಪ್ಪ ಕೂತ. ಅವನ ಕೈ ಗಾಳಿಯಲ್ಲಿ ಏನನ್ನೋ ಹುಡುಕುತ್ತಿತ್ತು. ಮಂಗಳಾ ಆ ಕೈಯನ್ನು ಹಿಡಿದುಕೊಂಡಳು. ಬೆವರಿ ತಣ್ಣಗಾಗಿತ್ತು, ಅವಳದೂ ಹಾಗೇ ಇತ್ತು. ಇಬ್ಬರೂ ಊದಿದ ತುಟಿಯನ್ನು ನೋಡುತ್ತಾ ಕೂತರು. ಪರದೆಯಲ್ಲಿ ಹುಡುಗಿ ಬಟ್ಟಲಿನ ತಳವನ್ನು ಚಮಚದಿಂದ ಕೆರೆದು, ಬಾಯಿಗಿಟ್ಟುಕೊಂಡು, ಡಾಕ್ಟರರ ಕಡೆ ತಿರುಗಿ ಮುಂದಿನದಕ್ಕೆ ಕೈ ನೀಡಿದಳು.

“ಇನ್ನೂ ಎಷ್ಟ ಬಟ್ಲ ಅದಾವ್ರಿ?” ಎಂದ ಫಕ್ಕೀರಪ್ಪ, ಮಗುವಿನ ದನಿಯಲ್ಲಿ.

“ಗೊತ್ತಿಲ್ಲ ಸರ್. ನಂಗೂ ಹೇಳಲ್ಲ ಅವ್ರು,” ಎಂದಳು ಮಂಗಳಾ. ಕೈ ಬಿಡಲಿಲ್ಲ.